ಅಮ್ಮನ ಮುಖಕ್ಕೆ ಚಿನ್ನದ ಬಣ್ಣ

ಹೋದ ಶನಿವಾರ ಆರ್ಟ್ ಗ್ಯಾಲರಿಯೊಂದರಲ್ಲಿ, ಅಷ್ಟು ಜನರ ನಡುವೆ, ಚಪ್ಪಲಿ ಬಿಟ್ಟು ಕೈ ಮುಗಿದುಬಿಟ್ಟೆ.

"ಅಯ್ಯೋ ಅಮ್ಮಾ, ಇದು ಕೋಯಿಲ್ ಇಲ್ಲಮ್ಮಾ!" ಎಂದಳು ಮಗಳು ಶ್ರುತಿ. (ನಾನು ಕನ್ನಡದಲ್ಲಿ ಬೈದರೂ ಅವಳು ನಾಚಿಕೊಳ್ಳುವುದು ತಮಿಳಿನಲ್ಲೇ.)

ದೇವಸ್ಥಾನವಲ್ಲ, ಗೊತ್ತು. ಆದರೆ ಗೋಡೆಯ ಮೇಲಿದ್ದವಳು ನನ್ನ ಅಮ್ಮ.

ಯಾರದೋ ಹಳೆಯ ಫೋಟೋಗಳನ್ನು ಹುಡುಕಿ ತಂದು, ಕಂಪ್ಯೂಟರಿನಲ್ಲಿ ತಿದ್ದಿ, ದೊಡ್ಡದು ಮಾಡಿ ತೂಗುಹಾಕಿದ ಪ್ರದರ್ಶನವದು. ಈ ಚಿತ್ರದಲ್ಲಿ ಕುರ್ಚಿಯ ಮೇಲೊಬ್ಬ ಹೆಂಗಸು, ಮಡಿಲಲ್ಲಿ ಮಗು. ಹೆಂಗಸಿನ ಮುಖದ ತುಂಬ ಚಿನ್ನದ ಬಣ್ಣ. ಕೆಳಗೆ ಚೀಟಿ: 'ಹೆಸರಿಲ್ಲದ ತಾಯಿ'.

ಮುಖವಿಲ್ಲದೆ ಹೇಗೆ ಗುರುತು ಹಿಡಿದೆ ಅಂತೀರಾ? ಕತ್ತಿನ ಅಡ್ಡಿಗೆಯಲ್ಲಿ ನಡುವಿನ ಕಲ್ಲು ಬಿದ್ದುಹೋಗಿದೆ. ಆ ಅಡ್ಡಿಗೆ ಈಗ ನನ್ನ ಬೀರುವಿನಲ್ಲಿದೆ.

ನಾನು ನಡೆಯಲು ಕಲಿಯುವ ಮೊದಲೇ ಅಮ್ಮ ಹೋದಳು. ಮನೆಯಲ್ಲಿರುವುದು ಅವಳ ಒಂದೇ ಫೋಟೋ, ಎದೆಯವರೆಗೆ. ತೀರಿಹೋದವರ ಫೋಟೋದಲ್ಲಿ ಬದುಕಿರುವವರು ಇರಬಾರದು, ಆಯುಸ್ಸಿಗೆ ಒಳ್ಳೆಯದಲ್ಲ. ನಮ್ಮಲ್ಲಿ ಹಾಗೆ. ಕ್ರೋಂಪೇಟೆಯ ಸ್ಟುಡಿಯೋದವರು ಕೆಳಭಾಗ ಕತ್ತರಿಸಿ, ಅಮ್ಮನನ್ನಷ್ಟೇ ಉಳಿಸಿ, ಹಾರ ಹಾಕಲು ಫ್ರೇಮ್ ಮಾಡಿಕೊಟ್ಟಿದ್ದರು. ಮಡಿಲಲ್ಲಿ ನಾನಿದ್ದೆ ಎಂದು ಯಾರೂ ಹೇಳಲೇ ಇಲ್ಲ!

ಅವಳು ನನ್ನ ಅಮ್ಮನೆಂದು ತಿಳಿದು ಕಲಾವಿದೆ ಓಡಿಬಂದಳು. ಶ್ರುತಿಯ ವಯಸ್ಸೇ. ಸ್ಟುಡಿಯೋ ಮುಚ್ಚಿದ ಮೇಲೆ ಅದರ ನೆಗೆಟಿವ್‌ಗಳು ಪಲ್ಲಾವರಂನ ಹಳೇ ಸಾಮಾನಿನ ಸಂತೆಗೆ ಬಂದಿದ್ದವಂತೆ. ಇವಳು ಡಬ್ಬವನ್ನೇ ಕೊಂಡಿದ್ದಳು. "ಸಾರಿ ಆಂಟಿ. ಮುಖ ಮುಚ್ಚಿದರೆ ಎಲ್ಲರ ತಾಯಿಯೂ ಆಗುತ್ತಾಳೆ, ಅದೇ ಕಾನ್ಸೆಪ್ಟ್" ಎಂದಳು.

"ನನಗೆ ತಾಯಿಯಾಗೋಕೇ ಅವಳಿಗೆ ಟೈಮ್ ಸಿಗಲಿಲ್ಲ ಕಣಮ್ಮಾ, ಇನ್ನು ಎಲ್ಲರಿಗೂ ಎಲ್ಲಿಂದ ಆಗ್ತಾಳೆ? ಹೆಸರು ಪದ್ಮಾವತಿ. ಬರ್ಕೋ."

ಬರೆದುಕೊಂಡಳು, ಪಾಪ. ಲ್ಯಾಪ್‌ಟಾಪ್ ತೆರೆದು ಬಣ್ಣ ಹಚ್ಚದ ಚಿತ್ರವನ್ನೂ ತೋರಿಸಿದಳು.

ಅಮ್ಮನ ಕಣ್ಣು ಕೆಳಗಿತ್ತು. ಮನೆಯ ಫೋಟೋದಲ್ಲೂ ಹಾಗೇ. "ಎಂಥಾ ಭಕ್ತೆ ನೋಡೇ, ಕ್ಯಾಮೆರಾ ಮುಂದೆಯೂ ಧ್ಯಾನ!" ಎಂದು ದೊಡ್ಡಮ್ಮ ಹೊಗಳುತ್ತಿದ್ದರು. ಧ್ಯಾನವೂ ಇಲ್ಲ, ಏನೂ ಇಲ್ಲ. ಅವಳು ನನ್ನನ್ನು ನೋಡುತ್ತಿದ್ದಾಳೆ.

ಶ್ರುತಿ ತಾನಾಗಿಯೇ ನನ್ನ ಕೈ ಹಿಡಿದುಕೊಂಡಳು. ಚಿತ್ರ ನನ್ನ ಫೋನಿಗೆ ಬಂತು. ದೇವರು ಇಷ್ಟಾದರೂ ಕೊಟ್ಟನಲ್ಲ!

ಆದರೆ ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಪ್ರಿಂಟ್ ಹಾಕಿಸಿ ತಂದಿದ್ದೇನೆ. ಹಳೆಯದನ್ನು ತೆಗೆದು ಇದನ್ನು ಹಾಕುತ್ತೇನೆ ಎಂದರೆ ಯಜಮಾನರು ಬೆಚ್ಚಿಬಿದ್ದರು. "ಅದಕ್ಕೆ ಹಾರ ಹಾಕ್ತೀಯೇನೇ? ನೀನಿನ್ನೂ ಇದೀಯಲ್ಲೇ!" ಅವರ ಭಯ ಸುಳ್ಳೆನ್ನಲಾರೆ, ನಾನೂ ಅದೇ ಭಯದಲ್ಲಿ ಬೆಳೆದವಳು. ಪ್ರಿಂಟನ್ನು ಹಾಲ್‌ನಲ್ಲಿಟ್ಟೆ, ಬೆಡ್‌ರೂಮಿನಲ್ಲಿಟ್ಟೆ, ಮತ್ತೆ ಕವರಿಗೆ ಹಾಕಿದೆ. ಎಲ್ಲೂ ಸರಿಹೋಗುತ್ತಿಲ್ಲ.

ನೀವೇ ಹೇಳಿ, ನನ್ನನ್ನು ಕತ್ತರಿಸದೆ ಅಮ್ಮನನ್ನು ಎಲ್ಲಿಡಲಿ?