ಬೀರೂರಿನಲ್ಲಿ ಕಳಚಿಕೊಂಡ ಡಬ್ಬಿ

ಆಗದೇ ಹೋದ ಸಂಗತಿಯ ಬಗ್ಗೆ ನಾನು ಇದುವರೆಗೆ ಒಂದು ಸಾಲೂ ಬರೆದವನಲ್ಲ. ಪತ್ರಿಕೆಯ ಕೆಲಸದಲ್ಲಿ ಮೊದಲು ಕಲಿಸುವ ಪಾಠವೇ ಅದು. ಕಡೂರಿನ ಸಂತೆಯಲ್ಲಿ ಎತ್ತೊಂದು ಬೆದರಿ ಓಡಿತು ಎಂದರೆ ಸುದ್ದಿ. ಓಡಬಹುದಿತ್ತು, ಆದರೆ ಮೆಲುಕು ಹಾಕುತ್ತ ನಿಂತೇ ಇತ್ತು ಎಂದು ಬರೆದು ಕಳಿಸಿದರೆ ಊರಿನ ಬಾತ್ಮೀದಾರನಿಗೆ ಬಿಸಿಲು ಹೆಚ್ಚಾಯಿತೇನೋ ಎಂದು ಕಚೇರಿಯವರು ಚಿಂತೆಪಡುತ್ತಾರೆ.

ಈಚೆಗೆ ಒಂದು ಮಾಸಪತ್ರಿಕೆಯಲ್ಲಿ ಓದಿದ ಲೇಖನ ನನ್ನ ಈ ನಿಷ್ಠೆಯನ್ನು ಸ್ವಲ್ಪ ಅಲ್ಲಾಡಿಸಿತು. ಒಂದು ಸಂಗತಿ ಹೀಗೂ ಆಗಬಹುದು, ಹಾಗೂ ಆಗಬಹುದು ಎನ್ನುವ ಕಡೆಯಲ್ಲೆಲ್ಲ ಎರಡೂ ಆಗಿಬಿಡುತ್ತವಂತೆ; ಲೋಕವೇ ಅಲ್ಲಿ ಎರಡಾಗಿ ಕವಲೊಡೆದು ತನ್ನ ತನ್ನ ದಾರಿ ಹಿಡಿಯುತ್ತದಂತೆ. ಇದು ವಿಜ್ಞಾನಿಗಳ ಮಾತು. ತತ್ತ್ವಶಾಸ್ತ್ರದವರು ಇನ್ನೂ ಮುಂದೆ ಹೋಗುತ್ತಾರೆ. ಆಗಬಹುದಾದದ್ದೆಲ್ಲ ಯಾವುದೋ ಒಂದು ಲೋಕದಲ್ಲಿ ಆಗಿಯೇ ಇದೆ, ಅಲ್ಲಿರುವವರೂ ತಮ್ಮದೇ ನಿಜವಾದ ಲೋಕ ಎಂದುಕೊಂಡು ಸ್ನಾನ, ಊಟ, ಜಗಳ ಮಾಡಿಕೊಂಡಿದ್ದಾರೆ. 'ನಿಜ' ಎನ್ನುವುದು 'ಇಲ್ಲಿ' ಎನ್ನುವ ಹಾಗೆ ಒಂದು ಮಾತು ಅಷ್ಟೆ ಎನ್ನುತ್ತಾರೆ. ತರೀಕೆರೆಯವರಿಗೆ ತರೀಕೆರೆಯೇ ಇಲ್ಲಿ, ಅಜ್ಜಂಪುರದವರಿಗೆ ಅಜ್ಜಂಪುರವೇ ಇಲ್ಲಿ.

ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮ ಅಜ್ಜಿ ದಿನಾ ಬೆಳಿಗ್ಗೆ ಅನಂತಕೋಟಿ ಬ್ರಹ್ಮಾಂಡಗಳ ಒಡೆಯನನ್ನು ನೆನೆದುಕೊಂಡೇ ಒಲೆ ಹಚ್ಚುತ್ತಿದ್ದಳು. ಕೋಟಿ ಬ್ರಹ್ಮಾಂಡಗಳಿಂದ ಅವಳಿಗೆ ಗಾಬರಿಯಾದದ್ದನ್ನು ನಾನು ಕಂಡಿಲ್ಲ. ಹಸಿ ಸೌದೆಯಿಂದ ಆಗುತ್ತಿತ್ತು. ಪುರೋಹಿತರು ಪೂಜೆಗೆ ಮುಂಚೆ ಮಾಡಿಸುವ ಸಂಕಲ್ಪವನ್ನೇ ನೋಡಿ. ಇಂಥ ಕಲ್ಪ, ಇಂಥ ಮನ್ವಂತರ, ಇಂಥ ದ್ವೀಪ, ಗೋದಾವರಿಯ ದಕ್ಷಿಣ ದಂಡೆ ಎಂದು ಇಳಿಯುತ್ತ ಇಳಿಯುತ್ತ ಕೊನೆಗೆ ನಾವು ಕೂತ ಮಣೆಯವರೆಗೆ ಬರುತ್ತಾರೆ. ಇರುವುದು ಒಂದೇ ಲೋಕವಾಗಿದ್ದರೆ ಇಷ್ಟುದ್ದದ ವಿಳಾಸ ಯಾಕೆ ಬೇಕು? ನಾವು ವರದಿಯ ತಲೆಯ ಮೇಲೆ 'ಕಡೂರು, ಸೋಮವಾರ' ಎಂದು ಹಾಕುವುದೂ ಅದಕ್ಕೇ. ಈ ಸಂಗತಿ ಇಲ್ಲಿ ಆದದ್ದು, ಬೇರೆ ಕಡೆಯದ್ದಕ್ಕೆ ನಾನು ಜವಾಬ್ದಾರನಲ್ಲ.

ಆದರೆ ಬೇರೆ ಕಡೆಯ ಒಂದು ಸಂಗತಿಗೆ ನನ್ನನ್ನೇ ಜವಾಬ್ದಾರನನ್ನಾಗಿ ಮಾಡಿ ನನ್ನ ಹೆಂಡತಿ ಶಾರದೆ ಬಹಳ ವರ್ಷ ಪ್ರಶ್ನೆ ಕೇಳಿದಳು. ಆ ಪ್ರಶ್ನೆ ಅರ್ಥವಾಗಬೇಕಾದರೆ ನಮ್ಮ ಕಡೆಯ ರೈಲಿನ ಸ್ವಭಾವ ತಿಳಿದಿರಬೇಕು.

ಬೆಂಗಳೂರಿನಿಂದ ಬರುವ ರೈಲು ಕಡೂರು ದಾಟಿ ಬೀರೂರಿಗೆ ಬಂದು ಎರಡಾಗುತ್ತದೆ. ಕೆಲವು ಡಬ್ಬಿಗಳು ಅಲ್ಲಿ ಕಳಚಿಕೊಂಡು ಬೇರೆ ಎಂಜಿನ್ನಿನ ಹಿಂದೆ ತರೀಕೆರೆ, ಶಿವಮೊಗ್ಗದ ಕಡೆಗೆ ಹೋಗುತ್ತವೆ. ಮಿಕ್ಕವು ಅಜ್ಜಂಪುರ, ಶಿವನಿಯ ಮೇಲೆ ಹುಬ್ಬಳ್ಳಿಯ ದಾರಿ ಹಿಡಿಯುತ್ತವೆ. ಯಾವ ಡಬ್ಬಿ ಎಲ್ಲಿಗೆ ಎಂದು ಪ್ರತಿ ಡಬ್ಬಿಗೂ ಬೋರ್ಡು ನೇತುಹಾಕಿರುತ್ತಾರೆ. ಆದರೆ ಕಡೂರಿನವರು ಬೋರ್ಡು ಓದುವುದಿಲ್ಲ. ಬೋರ್ಡು ಓದುವವರು ಪರಸ್ಥಳದವರು. ಹಿಂದಿನ ಡಬ್ಬಿಗಳು ತರೀಕೆರೆಗೆ, ಮುಂದಿನವು ಅಜ್ಜಂಪುರಕ್ಕೆ ಎನ್ನುವುದು ನಮಗೆ ಹುಟ್ಟುತ್ತಲೇ ಬರುವ ತಿಳುವಳಿಕೆ. ಅದನ್ನು ಕಣ್ಣಿನಿಂದ ಪರೀಕ್ಷಿಸುವುದೆಂದರೆ ಸ್ವಂತ ಮನೆಯ ಬಾಗಿಲ ಮುಂದೆ ನಿಂತು ಇದು ಯಾರ ಮನೆ ಎಂದು ಕೇಳಿದ ಹಾಗೆ.

ಐವತ್ತರ ದಶಕದ ಒಂದು ಬೇಸಗೆಯಲ್ಲಿ ನಾನು, ನನ್ನ ಸೋದರಮಾವ ಸೀನಮಾವ ಮತ್ತು ಅತ್ತೆ, ಹೆಣ್ಣು ನೋಡಲು ತರೀಕೆರೆಗೆ ಹೊರಟೆವು. ಹುಡುಗಿಯ ಹೆಸರು ವಿಶಾಲಾಕ್ಷಿ ಎನ್ನುವುದು ಮಾತ್ರ ನನಗೆ ಗೊತ್ತಿತ್ತು. ಅತ್ತೆಯ ಮಡಿಲಲ್ಲಿ ಒದ್ದೆ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ದಂಡೆ, ಹಣ್ಣು, ಕುಂಕುಮ. ಸೀನಮಾವ ನಮ್ಮನ್ನು ಕೊನೆಯ ಡಬ್ಬಿಗೆ ಹತ್ತಿಸಿದ. ಬೀರೂರಿನಲ್ಲಿ ಎಂದಿನಂತೆ ಡಬ್ಬಿಗಳು ಗುದ್ದಾಡಿದವು, ಯಾರೋ ಸೀಟಿ ಊದಿದರು, ಹೊರಟೆವು. ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಬೇಕೋ ಬೇಡವೋ ಎನ್ನುವುದು ನಮ್ಮಲ್ಲಿ ಚರ್ಚೆಯಾಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮಾವ ಕಿಟಕಿಯಿಂದ ಹೊರಗೆ ನೋಡಿದ.

"ಲೇ, ಗುಡ್ಡ ಎಲ್ಲೋ?"

ಹತ್ತಿರ ಬರಬೇಕಾಗಿದ್ದ ಗುಡ್ಡಗಳು ದೂರ ಸರಿದಿದ್ದವು. ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಕಪ್ಪು ಎರೆಹೊಲ. ಎದುರಿಗೆ ಕೂತಿದ್ದ ಶಿವನಿಯ ಮುದುಕಿಯೊಬ್ಬಳು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು: "ಎಲ್ಲಿಗ್ ಹೋಗ್ಬೇಕಪ್ಪಾ?"

"ತರೀಕೆರೆಗೆ."

"ಅಯ್ಯೋ ನನ್ನಪ್ಪಾ, ಆ ಡಬ್ಬಿ ಬೀರೂರಲ್ಲೇ ಕಳಚ್ಕಂಡೋಯ್ತಲ್ಲ. ಇವತ್ತು ಅದನ್ನ ಮುಂದಕ್ ಹಾಕಿದ್ರು. ಬೋಲ್ಡ್ ನೋಡ್ಲಿಲ್ವಾ?" ಎಂದವಳು ಅತ್ತೆಯ ಮಡಿಲಿನ ಹೂವನ್ನೂ ನನ್ನ ಹೊಸ ಅಂಗಿಯನ್ನೂ ನೋಡಿ ನಕ್ಕಳು. "ಹೆಣ್ಣು ನೋಡಕ್ ಹೊಂಟಿದ್ರಾ? ಬಿಡ್ರಿ, ಅಜ್ಜಂಪುರದಾಗೂ ಹೆಣ್ಮಕ್ಳವ್ರೆ."

ಅಜ್ಜಂಪುರದಲ್ಲಿ ಇಳಿದೆವು. ವಾಪಸು ರೈಲು ಸಂಜೆಗೆ. ಯಾರನ್ನೋ ರೈಲು ಹತ್ತಿಸಲು ಬಂದಿದ್ದ ಸ್ಕೂಲಿನ ಮೇಷ್ಟ್ರೊಬ್ಬರು ನಮ್ಮ ಪೆಚ್ಚುಮೋರೆಗಳನ್ನು ನೋಡಿ ವಿಷಯ ತಿಳಿದುಕೊಂಡು, "ಬಿಸಿಲಲ್ಲಿ ಸ್ಟೇಷನ್ನಲ್ಲಿ ಕೂರೋದುಂಟೇ? ಮನೆಗೆ ಬನ್ನಿ, ಊಟ ಮಾಡ್ಕೊಂಡು ಹೋದ್ರಾಯ್ತು" ಎಂದು ಕರೆದುಕೊಂಡು ಹೋದರು. ಅವರ ಮಗಳು ಮಜ್ಜಿಗೆ ತಂದುಕೊಟ್ಟಳು. ನಾನು ಪತ್ರಿಕೆಯವನು ಎಂದು ಮೇಷ್ಟ್ರು ಹೆಮ್ಮೆಯಿಂದ ಪರಿಚಯ ಮಾಡಿಸಿದಾಗ ಅವಳು ಲೋಟ ಇಡುತ್ತ, ಗೋಡೆಗೆ ಹೇಳುವಂತೆ ಹೇಳಿದಳು: "ಪೇಪರ್ನೋರು ಬರೀ ಬರೀತಾರೇನೋ. ಓದೋದು ಬೇರೆಯೋರ ಕೆಲಸ."

ನನ್ನ ಲೋಕ ಎರಡಾದದ್ದು ಬೀರೂರಿನಲ್ಲಲ್ಲ, ಆ ಲೋಟದ ಹತ್ತಿರ.

ಹೊರಡುವಾಗ ಅತ್ತೆಗೆ ಸಂಕಟ ಶುರುವಾಯಿತು. ಹೆಣ್ಣಿಗೆಂದು ತಂದ ಹೂವನ್ನು ಮನೆಗೆ ವಾಪಸು ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ರೈಲಿನಲ್ಲಿ ಬಿಸಾಡುವುದಂತೂ ಇನ್ನೂ ಕೆಟ್ಟದ್ದು. "ಬಾಮ್ಮಾ, ಬಾಡಿಹೋಗುತ್ತೆ" ಎಂದು ಅವಳು ಆ ದಂಡೆಯನ್ನು ಮೇಷ್ಟ್ರ ಮಗಳ ಜಡೆಗೆ ಮುಡಿಸಿಬಿಟ್ಟಳು. ಮುಡಿಸಿದ ಮೇಲೆ ಏನು ಮಾಡಿದೆನೆಂದು ಅವಳಿಗೇ ತಿಳಿಯಿತು. ಸೀನಮಾವ ಒಂದು ವಾರದ ಮೇಲೆ ತಾನೇ ತರೀಕೆರೆಗೆ ಹೋಗಿ ಕ್ಷಮೆ ಕೇಳಿದ. ಮೊದಲ ಸಲವೇ ದಾರಿ ತಪ್ಪಿದ ಸಂಬಂಧ ಬೇಡ ಎಂದು ಹುಡುಗಿಯ ಮನೆಯವರೇ ಗೌರವದಿಂದ ಹೇಳಿ ಕಳಿಸಿದರು. ಮುಂದಿನ ಮಾಘದಲ್ಲಿ ನನಗೂ ಮೇಷ್ಟ್ರ ಮಗಳು ಶಾರದೆಗೂ ಮದುವೆಯಾಯಿತು.

ಪ್ರಶ್ನೆ ಬಂದದ್ದು ಮದುವೆಯಾದ ಹೊಸದರಲ್ಲಿ, ಅಕ್ಕಿ ಆರಿಸುತ್ತ ಕೂತಿದ್ದಾಗ.

"ಆವತ್ತು ನೀವು ಸರಿಯಾದ ಡಬ್ಬಿ ಹತ್ತಿದ್ದಿದ್ರೆ?"

"ತರೀಕೆರೆಗೆ ಹೋಗ್ತಿದ್ದೆ" ಎಂದೆ. ವರದಿಯಾಗಿ ಇದರಲ್ಲಿ ತಪ್ಪಿಲ್ಲ. ಗಂಡನ ಮಾತಾಗಿ ಎಷ್ಟು ತಪ್ಪು ಎನ್ನುವುದು ಅಂದಿನ ಒಗ್ಗರಣೆಯಿಲ್ಲದ ಸಾರಿನಲ್ಲಿ ತಿಳಿಯಿತು.

ಆಮೇಲೆ ಆ ಪ್ರಶ್ನೆ ಮಲ್ಲಿಗೆಯ ಕಾಲ ಬಂದಾಗಲೆಲ್ಲ ಬರುತ್ತಿತ್ತು. ಅವಳು ಅಳುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ. ನಾನು ತಂದ ಹೂವನ್ನು ಮುಡಿಯುತ್ತ, "ಆ ಹೂವು ನನಗೆ ಅಂತ ಕಟ್ಟಿದ್ದಲ್ಲ, ಅಲ್ವಾ?" ಎನ್ನುತ್ತಿದ್ದಳು, ಅಷ್ಟೆ. ಬೇರೆ ಯಾರೋ ಕೂರಬೇಕಾಗಿದ್ದ ಮಣೆಯ ಮೇಲೆ ತಾನು ಕೂತಿದ್ದೇನೆ, ಯಾವತ್ತೋ ಒಂದು ದಿನ ಅವರು ಬಂದು ಏಳಿ ಎನ್ನಬಹುದು ಎನ್ನುವಂಥ ಅಳುಕು ಅವಳದು. ಯಾವ ಲೋಕದಲ್ಲಾದರೂ ನಿನ್ನನ್ನೇ ಮದುವೆಯಾಗುತ್ತಿದ್ದೆ ಎಂದು ನಾನು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಖಚಿತ ಮೂಲದಿಂದ ತಿಳಿಯದ ಮಾತನ್ನು ಆಡುವುದು ನನ್ನಿಂದ ಆಗುತ್ತಿರಲಿಲ್ಲ. ತರೀಕೆರೆಯಲ್ಲಿ ಇಳಿದ ಇನ್ನೊಬ್ಬ ನಾನು ಏನು ಮಾಡಿದನೋ, ಅವನ ವರದಿ ನನಗೆ ಬಂದಿಲ್ಲ. ಅವನು ನಾನೇ ಹೌದೋ, ನನ್ನಂಥ ಇನ್ನೊಬ್ಬನೋ ಎನ್ನುವುದರಲ್ಲೇ ಪಂಡಿತರಿಗೆ ಒಮ್ಮತವಿಲ್ಲವಂತೆ. ಶಾರದೆಗೆ ಬೇಕಾಗಿದ್ದದ್ದು ಪಂಡಿತರ ಮಾತಲ್ಲ.

ಅರವತ್ತರ ದಶಕ ಬಂತು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿತ್ತು. ಅದರ ಮೇಲೆ ಒಂದು ಲೇಖನ ಬರೆಯಲು ಹೊರಟಾಗ, ತುಂಬಿದ ನೀರು ನೋಡಬೇಕು ಎಂದು ಶಾರದೆಯೂ ಬಂದಳು. ಅಲ್ಲಿನ ಓವರ್‌ಸಿಯರ್ ಒಬ್ಬರು ಎಲ್ಲ ತೋರಿಸಿ, ಊಟಕ್ಕೆ ತಮ್ಮ ಕ್ವಾರ್ಟರ್ಸಿಗೆ ಕರೆದರು. ಅವರ ಹೆಂಡತಿ ಬಾಗಿಲಲ್ಲೇ ಮಾತು ಶುರುಮಾಡುವ ಪೈಕಿ.

"ಕಡೂರಿನೋರಾ? ಪೇಪರ್ನೋರಾ? ನೋಡ್ರೀ ತಮಾಷೆ, ಕಡೂರಿಂದ ಒಬ್ರು ಪೇಪರ್ನೋರು ನನ್ನ ನೋಡಕ್ಕೆ ತರೀಕೆರೆಗೆ ಬರ್ಬೇಕಿತ್ತು. ರೈಲು ತಪ್ಪಿ ಅಜ್ಜಂಪುರಕ್ಕೆ ಹೋಗ್ಬಿಟ್ರಂತೆ!"

ನನ್ನ ಕೈಯಲ್ಲಿದ್ದ ನೀರಿನ ಚೊಂಬು ಅಲ್ಲೇ ನಿಂತಿತು. ಸುದ್ದಿಯನ್ನು ದೃಢಪಡಿಸುವುದೋ ನಿರಾಕರಿಸುವುದೋ ನಾನು ನಿರ್ಧರಿಸುವ ಮೊದಲೇ ಶಾರದೆ ಮೆಲ್ಲಗೆ ಹೇಳಿದಳು: "ಅವರೇ ಇವರು."

ಓವರ್‌ಸಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಶಾಲಾಕ್ಷಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆವತ್ತು ನಾನು ಅವರನ್ನು ನೋಡಬೇಕಾಗಿತ್ತು. ಕೊನೆಗೆ ಅವರೇ ನನ್ನನ್ನು ನೋಡಿದರು.

"ನಿಮ್ಮ ದೆಸೆಯಿಂದ ಆ ಸೆಕೇಲಿ ರೇಷ್ಮೆ ಸೀರೆ ಉಟ್ಕೊಂಡು ಸಾಯಂಕಾಲದವರೆಗೂ ಕೂತಿದ್ದೆ ಕಣ್ರೀ! ನಿಮಗೆ ಅಂತ ಮಾಡಿದ್ದ ಚಿರೋಟಿನೆಲ್ಲ ಕೊನೆಗೆ ನಾನೇ ತಿಂದೆ." ಶಾರದೆಯ ಕಡೆ ತಿರುಗಿದರು. "ಹೆಂಗೆ ಇವರು? ಗೊರಕೆ ಹೊಡೀತಾರಾ?"

"ಹೊಡೀತಾರೆ."

"ಊಟ ಮಾಡೋವಾಗ?"

"ಪೇಪರ್ ಓದ್ತಾರೆ."

"ಅಬ್ಬ, ಬಚಾವಾದೆ!"

"ಆದ್ರೆ ಸುಳ್ಳು ಹೇಳಲ್ಲ" ಎಂದಳು ಶಾರದೆ, ಸ್ವಲ್ಪ ಚುರುಕಾಗಿ. ಅವಳ ಅಷ್ಟು ವರ್ಷದ ಕಷ್ಟಕ್ಕೆಲ್ಲ ಕಾರಣವಾದ ಗುಣವನ್ನೇ ನನ್ನ ಪರವಾಗಿ ಎತ್ತಿ ಹಿಡಿದಿದ್ದಳು.

ಊಟವಾದ ಮೇಲೆ ಇಬ್ಬರೂ ಹಿತ್ತಲಿನ ಕಟ್ಟೆಯ ಮೇಲೆ ಕೂತರು. ನಾನು ಒಳಗಿನ ಕಿಟಕಿಯ ಪಕ್ಕದಲ್ಲಿದ್ದೆ. ಕೇಳಿಸಿಕೊಳ್ಳುವುದು ನನ್ನ ವೃತ್ತಿ.

"ನಿಮಗೆ ಅಂತ ತಂದಿದ್ದ ಹೂವು ನಾನು ಮುಡ್ಕೊಂಡ್ಬಿಟ್ಟೆ" ಎಂದಳು ಶಾರದೆ. "ಅದು ಮನಸ್ಸಲ್ಲಿ ಹಂಗೇ ಉಳ್ಕೊಂಡಿದೆ."

ವಿಶಾಲಾಕ್ಷಮ್ಮ ಆಗ ನಗಲಿಲ್ಲ. "ಆವತ್ತು ಸಂಜೆ ನಾನೂ ಅತ್ತಿದ್ದೆ ಕಣ್ರೀ, ಸುಳ್ಳು ಯಾಕೆ ಹೇಳ್ಲಿ. ಯಾಕೋ ಬೇಡ ಅಂದ್ರೇನೋ ಅಂತ. ದಾರಿ ತಪ್ಪಿದ್ರು ಅಂತ ಆಮೇಲೆ ಗೊತ್ತಾದಾಗ ಸಮಾಧಾನ ಆಯ್ತು. ಈ ಮನುಷ್ಯ ಬಂದ್ರು; ಇವರು ಬಂದಿದ್ದು ಬಸ್ಸಲ್ಲಿ, ತಪ್ಪೋ ಹಂಗೇ ಇರ್ಲಿಲ್ಲ." ಅಷ್ಟು ಹೇಳಿ ಎದ್ದು, ಬೇಲಿಯ ಪಕ್ಕದ ಬಳ್ಳಿಯಿಂದ ಮಲ್ಲಿಗೆಯ ಮೊಗ್ಗು ಬಿಡಿಸಿ ತಂದು ಕಟ್ಟಲು ಕೂತರು. ಹೊರಡುವ ಹೊತ್ತಿಗೆ ಕುಂಕುಮ ಕೊಟ್ಟು, ದಂಡೆಯನ್ನು ಶಾರದೆಯ ಜಡೆಗೆ ತಾವೇ ಮುಡಿಸಿದರು.

"ಇದು ನಿಮಗೇ ಅಂತ ಕಟ್ಟಿದ್ದು."

ತರೀಕೆರೆಗೆ ಬಸ್ಸಿನಲ್ಲಿ ಬಂದು ರೈಲು ಹತ್ತಿದೆವು. ಶಾರದೆ ಆಗಾಗ ಜಡೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಬೀರೂರು ಬಂತು. ನಮ್ಮ ಡಬ್ಬಿಯನ್ನು ತುಸು ಹೊತ್ತು ಒಂಟಿಯಾಗಿ ನಿಲ್ಲಿಸಿ, ಆಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದಾಡಿ, ಧಡ್ ಎಂದು ಎಲ್ಲಿಗೋ ಸೇರಿಸಿದರು.

"ಇದೇನಾಯ್ತು?"

"ಅಜ್ಜಂಪುರದ ಕಡೆಯಿಂದ ಬಂದ ರೈಲಿಗೆ ನಮ್ಮನ್ನ ಸೇರಿಸಿದ್ರು. ಇಲ್ಲಿಂದ ಒಟ್ಟಿಗೆ ಕಡೂರಿಗೆ."

ಅವಳು ಸ್ವಲ್ಪ ಯೋಚಿಸಿದಳು. "ಅಂದ್ರೆ ಹೋಗೋವಾಗ ಬೇರೆ ಆಗುತ್ತೆ, ಬರೋವಾಗ ಸೇರುತ್ತೆ."

ಕವಲೊಡೆದ ಲೋಕಗಳು ಮತ್ತೆ ಒಂದನ್ನೊಂದು ಮುಟ್ಟುವುದೇ ಇಲ್ಲ ಎಂದು ಆ ಮಾಸಪತ್ರಿಕೆ ಹೇಳುತ್ತದೆ. ಬರೆದವರು ಬೀರೂರು ನೋಡಿದಂತಿಲ್ಲ.

ನನ್ನ ಬಳಿ ಆ ಹಳೆಯ ಪ್ರಶ್ನೆಗೆ ಉತ್ತರವೊಂದಿದೆ ಎಂದು ಆಗ ಗೊತ್ತಾಯಿತು. ಬಹಳ ದಿನದಿಂದ ಇತ್ತು, ನಾನು ಅದನ್ನು ಬೇರೆ ಲೋಕದಲ್ಲಿ ಹುಡುಕುತ್ತಿದ್ದೆ.

"ಶಾರದಾ, ಸರಿಯಾದ ಡಬ್ಬಿ ಹತ್ತಿದ್ದಿದ್ರೆ ಏನಾಗ್ತಿತ್ತೋ ನನಗೆ ಗೊತ್ತಿಲ್ಲ, ಇವತ್ತಿಗೂ. ಆದ್ರೆ ಆವತ್ತು ದಾರಿ ತಪ್ಪಿದ್ರೆ ಕಳ್ಕೊಳ್ಳೋಕೆ ನನಗೆ ಏನೂ ಇರ್ಲಿಲ್ಲ, ಅದಕ್ಕೇ ಬೋರ್ಡು ನೋಡ್ಲಿಲ್ಲ. ನಿನ್ನ ಮದುವೆಯಾದ ಮೇಲೆ ನಾನು ಬೋರ್ಡು ಓದದೆ ಯಾವ ರೈಲೂ ಹತ್ತಿಲ್ಲ."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಕಣ್ಣು ಒರೆಸಿಕೊಂಡಳೆಂದು ನನ್ನ ಅಂದಾಜು. ಕಣ್ಣಾರೆ ಕಂಡಿಲ್ಲವಾದ್ದರಿಂದ ಹಾಗೆಂದು ಬರೆಯುವುದಿಲ್ಲ. ಆಮೇಲೆ ತಿರುಗಿ ಕೇಳಿದಳು:

"ಇವತ್ತು ಓದಿದ್ರಾ?"

ಹೂವು, ಕುಂಕುಮ, ಬಸ್ಸಿನ ಗಡಿಬಿಡಿ. ಓದಿರಲಿಲ್ಲ. ಸೀಟಿ ಊದಲು ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಮ್ಮಿಗೆ ಇಳಿದು, ರೈಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು, ತರೀಕೆರೆಯಿಂದ ಬಂದ ಡಬ್ಬಿಗಳ ಬೋರ್ಡನ್ನೂ ಅಜ್ಜಂಪುರದಿಂದ ಬಂದ ಡಬ್ಬಿಗಳ ಬೋರ್ಡನ್ನೂ ಪರಸ್ಥಳದವನ ಹಾಗೆ ಒಂದೊಂದಾಗಿ ಓದಿದೆ. ಎಲ್ಲವೂ ಕಡೂರಿನ ಮೇಲೇ ಹೋಗುವಂಥವು. ವಾಪಸು ಬಂದು ಅವಳ ಪಕ್ಕದಲ್ಲಿ ಕೂತು, ಹಾಗೆಂದು ವರದಿ ಒಪ್ಪಿಸಿದೆ.