ದಂಡಿನಲ್ಲಿ ಇಳಿಯದೆ ಹೋದದ್ದು

ಕೆ.ಆರ್. ಪುರದ ನಮ್ಮ ಬಾಡಿಗೆ ಕೋಣೆಯಿಂದ ಶನಿವಾರ ಬೆಳಿಗ್ಗೆ ನಾನು ಒಬ್ಬಳೇ ಹೊರಟೆ. ಇಳಕಲ್ ಸೀರೆ ಉಟ್ಟಿದ್ದೆ, ಚೀಲದಲ್ಲಿ ಶೇಂಗಾ ಹೋಳಿಗೆ ಇತ್ತು. ನನ್ನ ಮೊಮ್ಮಗಳು ಶರಣಮ್ಮ ಪುಸ್ತಕ ಬರೆದಿದ್ದಾಳೆ, ಅವತ್ತು ಅದರ ಬಿಡುಗಡೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಾಲಿನವನಿಗೂ ಮೆಟ್ಟಿಲು ಗುಡಿಸುವವಳಿಗೂ ವಾರವೆಲ್ಲ ಇದನ್ನೇ ಹೇಳಿದ್ದೇನೆ, ನಿಮಗೆ ಮಾತ್ರ ಕಡೆಯವರೆಗೆ ಮುಚ್ಚಿಡುವ ತಾಳ್ಮೆ ನನಗಿಲ್ಲ.

ಶರಣಮ್ಮ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಶಾಲೆಯೊಂದರಲ್ಲಿ ಕನ್ನಡ ಟೀಚರು. ಅವಳ ಕ್ಲಾಸಿನ ಮಕ್ಕಳು ಮನೆಯಲ್ಲಿ ತಮಿಳೋ ಉರ್ದುವೋ ಮಾತಾಡುವವರು. ಅವರನ್ನು ಬೀದಿಗೆ ಕರೆದುಕೊಂಡು ಹೋಗಿ, ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ಓದಿಸಿ ಅಕ್ಷರ ಕಲಿಸುತ್ತಾಳೆ. ಈ ಪಾಠವನ್ನು ಅವಳು ಮೊದಲು ಮಾಡಿದ್ದು ನನಗೆ. ಟ್ರೈನಿಂಗಿಗೆ ಹೋಗುತ್ತಿದ್ದ ಕಾಲದಲ್ಲಿ ಸಂಜೆಯಾದರೆ ನನ್ನನ್ನು ಬಸ್ ಸ್ಟಾಪಿಗೆ ಎಳೆದುಕೊಂಡು ಹೋಗಿ ಬಂದ ಬಸ್ಸನ್ನೆಲ್ಲ ಓದಿಸುತ್ತಿದ್ದಳು. ಯಾದಗಿರಿ ಕಡೆಯ ನಮ್ಮೂರಲ್ಲಿ ನಾನು ಶಾಲೆಗೆ ಹೋದದ್ದು ಒಂದೇ ಮಳೆಗಾಲ. ಹಾಗಾಗಿ ನಾನು ಓದಿದ ಮೊದಲ ಶಬ್ದ ‘ಹೊಸಕೋಟೆ’. ಒತ್ತಕ್ಷರ ಎದುರಾದರೆ ಇವತ್ತಿಗೂ ಸ್ವಲ್ಪ ನಿಂತು ಮುಂದೆ ಹೋಗುತ್ತೇನೆ.

ಪುಸ್ತಕದಲ್ಲಿ ಇರುವುದು ಈ ಬೀದಿ ಪಾಠಗಳೇ; ಕೊನೆಯ ಪಾಠ ನನ್ನದು. ‘ನನ್ನ ಮೊದಲ ವಿದ್ಯಾರ್ಥಿನಿ ಈಗ ಬೋರ್ಡು ಓದಿಕೊಂಡು ಊರೆಲ್ಲ ಒಬ್ಬಳೇ ತಿರುಗುತ್ತಾಳೆ’ ಎಂದು ಬರೆದಿದ್ದಾಳೆ. ಅದನ್ನು ಓದಿ ಹೇಳಿದ ದಿನ ನನಗೆ ಅಳು ಬಂತು, ಹಿಂದೆಯೇ ದಿಗಿಲೂ ಬಂತು. ನಾನು ಒಬ್ಬಳೇ ತಿರುಗುವುದು ನಮ್ಮ ಸಂತೆಯ ತನಕ. ಅಷ್ಟು ಮಂದಿ ಓದುವ ಪುಸ್ತಕದಲ್ಲಿ ನನ್ನ ದೆಸೆಯಿಂದ ಸುಳ್ಳು ಸೇರಬಾರದು. ಅದಕ್ಕೇ, ಕರೆದುಕೊಂಡು ಹೋಗಲು ಯಾರನ್ನಾದರೂ ಕಳಿಸುತ್ತೇನೆ ಎಂದವಳಿಗೆ ಬೇಡವೆಂದೆ. ಯಾರನ್ನೂ ಕೇಳದೆ ಓದಿಕೊಂಡೇ ಬರುತ್ತೇನೆ ಎಂದು ಹಟ ಹಿಡಿದೆ. ಅವಳು ಹೇಳಿದ ದಾರಿ ಸುಲಭವಾಗಿತ್ತು: ರೈಲು ಹತ್ತಿ ಕಂಟೋನ್ಮೆಂಟಿನಲ್ಲಿ ಇಳಿಯುವುದು, ಅಲ್ಲಿಂದ ಶಿವಾಜಿನಗರದ ಬಸ್ಸು. ಹನ್ನೊಂದಕ್ಕೆ ಕಾರ್ಯಕ್ರಮ.

ಟಿಕೆಟ್ಟಿಗೆ ಹತ್ತು ರೂಪಾಯಿ. ಮೋಡ ಕವಿದಿತ್ತು, ಬೋಗಿಯೊಳಗೆ ಬೆವರಿನ ಜೊತೆ ಹೂವಿನ ವಾಸನೆ. ಮಾಲೂರು ಕಡೆಯಿಂದ ಕನಕಾಂಬರದ ಮೂಟೆ ತಂದಿದ್ದ ಹೂವಿನಾಕೆ ಒತ್ತರಿಸಿಕೊಂಡು ನನಗೆ ಜಾಗ ಕೊಟ್ಟಳು. ಕೇಳದಿದ್ದರೂ ಆಕೆಗೆ ಪುಸ್ತಕದ ಸಂಗತಿಯೆಲ್ಲ ಹೇಳಿದೆ. ತಾನೂ ಕಂಟೋನ್ಮೆಂಟಿಗೇ, ಅಲ್ಲಿಂದ ರಸೆಲ್ ಮಾರುಕಟ್ಟೆಗೆ ಎಂದಳು. ನನ್ನ ಕಣ್ಣು ಕಿಟಕಿಯಲ್ಲೇ ಇತ್ತು. ‘ಬೈಯಪ್ಪನಹಳ್ಳಿ’ ದಾಟಿತು. ಮುಂದಿನದನ್ನು ‘ಬೆಂಗಳೂರು ಪೂವರ’ ಎಂದು ಓದಿ, ಇದ್ಯಾವ ಊರೆಂದು ಗಾಬರಿಯಾಗಿ, ರೈಲು ಬಿಟ್ಟ ಮೇಲೆ ‘ಪೂರ್ವ’ ಎಂದು ಸರಿಮಾಡಿಕೊಂಡೆ.

ಮತ್ತೆ ರೈಲು ನಿಂತಿತು. ಬೋರ್ಡು ದೊಡ್ಡದು, ಒತ್ತಕ್ಷರವೂ ಇಲ್ಲ. ‘ಬೆಂಗಳೂರು ದಂಡು’. ನಮ್ಮ ಕಡೆ ದಂಡು ಎಂದರೆ ಈಟಿ, ಕುದುರೆ, ಸೈನ್ಯ. ಮಿಲಿಟರಿಯವರು ಇಳಿಯುವ ಜಾಗ ಇರಬೇಕೆಂದು ಗಟ್ಟಿಯಾಗಿ ಕೂತೆ.

“ಎದ್ದೇಳಮ್ಮಾ, ಕಂಟೋನ್ಮೆಂಟ್ ಬಂದ್ಬಿಡ್ತು,” ಎಂದಳು ಹೂವಿನಾಕೆ.

“ಇದು ದಂಡು ಅದ. ಬೋರ್ಡ್ ನೋಡ್ರಿ.”

“ಬೋರ್ಡು ಗೀರ್ಡು ನಂಗೊತ್ತಿಲ್ಲ. ಕಲ್ಯಾಣ ಆದಾಗಿಂದ ಇಲ್ಲೇ ಇಳೀತಿದೀನಿ.”

“ನೀವು ಇಳೀರಿ. ನನಗ ಓದ್ಲಿಕ್ಕ ಬರ್ತದ.”

ಆಕೆ ನನ್ನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿ ಮೂಟೆ ಹೊತ್ತು ಇಳಿದಳು. ರೈಲು ಹೊರಟಾಗ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಪಾಪ, ಹೋಗಿಬರುತ್ತೇನೆ ಅನ್ನುತ್ತಿದ್ದಾಳೆ ಎಂದುಕೊಂಡು ನಾನೂ ಕೈ ಬೀಸಿದೆ.

ಕಂಟೋನ್ಮೆಂಟ್ ಬರಲೇ ಇಲ್ಲ. ರೈಲು ಮೆಜೆಸ್ಟಿಕ್ಕಿನ ದೊಡ್ಡ ಸ್ಟೇಷನ್ನಿನಲ್ಲಿ ನಿಂತು ಎಲ್ಲರೂ ಇಳಿದರು, ನಾನೂ ಇಳಿದೆ. ಯಾವ ಬೋರ್ಡು ನನ್ನ ಕಣ್ಣು ತಪ್ಪಿಸಿತು ಎಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ; ಒಂದನ್ನೂ ಬಿಡದೆ ಓದಿದ್ದೆನಲ್ಲ. ಜನ ನನ್ನ ಎಡಬಲಕ್ಕೆ ಹರಿದುಹೋಗುತ್ತಿದ್ದರು. ಅಷ್ಟರಲ್ಲಿ ಫೋನು ಬಂತು.

“ಆಯಿ, ಎಲ್ಲಿದ್ದಿ? ಎಲ್ಲಾರೂ ಕಾಯ್ಲತ್ತಾರ.”

ದಂಡು ಎಂಬ ಊರು ಬಂತು, ಕಂಟೋನ್ಮೆಂಟ್ ಮಾತ್ರ ಬರಲಿಲ್ಲ ಎಂದೆ.

“ದಂಡು ಅಂದ್ರನೇ ಕಂಟೋನ್ಮೆಂಟ್ ಆಯಿ. ಬಾಯಾಗ ಒಂದು, ಬೋರ್ಡಿನಾಗ ಒಂದು. ನಾ ನಿನಗ ಹೇಳೇ ಇಲ್ಲ. ಅಲ್ಲೇ ನಿಂದ್ರು, ಬರ್ತೀನಿ.”

ಬರಬೇಡ, ಇನ್ನೂ ಬಸ್ಸಿನ ಬೋರ್ಡು ಬಾಕಿ ಇದೆ ಎಂದು ಫೋನಿಟ್ಟೆ. ನೆಲದಡಿಯ ದಾರಿಯಲ್ಲಿ ತಪ್ಪಿ ಹೊರಟಲ್ಲಿಗೇ ಒಮ್ಮೆ ವಾಪಸು ಬಂದು, ಕೊನೆಗೆ ‘ಶಿವಾಜಿನಗರ’ ಎಂಬುದನ್ನು ಹಿಡಿದೆ. ಹೆಣ್ಣುಮಕ್ಕಳಿಗೆ ಪುಕ್ಕಟೆ ಟಿಕೆಟ್ಟು. ಆಧಾರ್ ಕಾರ್ಡು ನೋಡಿ ಹಿಂದಿರುಗಿಸಿದ ಕಂಡಕ್ಟರಮ್ಮನಿಗೂ ಪುಸ್ತಕದ ಸುದ್ದಿ ಹೇಳಿದೆ.

ಮಾರುಕಟ್ಟೆಯ ಮುಂದೆ ಅದೇ ಹೂವಿನಾಕೆ ಮೊಳ ಹಾಕುತ್ತ ಕೂತಿದ್ದಳು. “ಏನಮ್ಮಾ ಓದಿದೋಳೆ, ಯುದ್ಧ ಮುಗೀತಾ?” ಎಂದಳು. ಪಕ್ಕದ ನಿಂಬೆಹಣ್ಣಿನವನ ತನಕ ಎಲ್ಲರಿಗೂ ಕಥೆ ಹೇಳಿಬಿಟ್ಟಿದ್ದಳು, ಎಲ್ಲರೂ ನಕ್ಕರು. ದುಡ್ಡು ತೆಗೆಯಲು ಹೋದರೆ ಕೈ ತಳ್ಳಿ, ಒಂದು ಮಾರು ಕನಕಾಂಬರ ನನ್ನ ತುರುಬಿಗೆ ತಾನೇ ಮುಡಿಸಿದಳು. ಶಾಲೆಯ ದಾರಿಯನ್ನು ಆಕೆಯನ್ನೂ ಕೇಳಲಿಲ್ಲ. ಓದಿಕೊಂಡೇ ಹೋದೆ.

ನಾನು ಬರುವ ತನಕ ಪುಸ್ತಕದ ಕಟ್ಟು ಬಿಚ್ಚಿರಲಿಲ್ಲ. ಬಿಡುಗಡೆ ಮಾಡಬೇಕಿದ್ದ ರಿಟೈರ್ಡ್ ಹೆಡ್‌ಮೇಷ್ಟ್ರು ಟೀ ಮೇಲೆ ಟೀ ಕುಡಿದು ಕೂತಿದ್ದರು. ಕೆಂಪು ಕಾಗದ ಹರಿದು ಪುಸ್ತಕ ಎತ್ತಿ ಹಿಡಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಕೈಲೂ ಎರಡು ಮಾತು ಆಡಿಸಿದರು. ಕೊನೆಯ ಪಾಠ ಇವತ್ತು ಸುಳ್ಳಾಯಿತು ಎಂದು ನಡೆದದ್ದನ್ನೆಲ್ಲ ಹೇಳಿದೆ.

ಶರಣಮ್ಮ ಎದ್ದು ಕಪ್ಪುಹಲಗೆಯ ಮೇಲೆ ‘ದಂಡು’ ಎಂದು ಬರೆದಳು. ಏನು ಹಾಗೆಂದರೆ ಎಂದು ಮಕ್ಕಳನ್ನು ಕೇಳಿದಳು. ಒಬ್ಬಳು ಉರ್ದುವಿನ ಡಂಡಾ, ಬಡಿಗೆ ಎಂದಳು. ತಮಿಳು ಹುಡುಗನೊಬ್ಬ ದಂಡಂ ಅಂದ್ರೆ ವೇಸ್ಟ್ ಮಿಸ್ ಎಂದ. ಸ್ಟೇಷನ್ನಿಗೆ ಅಷ್ಟು ಹತ್ತಿರ ಇದ್ದೂ ಒಂದು ಮಗುವಿಗೂ ಗೊತ್ತಿರಲಿಲ್ಲ. “ನಾನೂ ಇದನ್ನ ಓದ್ಸಿಲ್ಲ. ಸೋಮವಾರ ಎಲ್ರೂ ಅಲ್ಲಿಗೇ ಹೋಗೋಣ,” ಎಂದಳು. ಹೋಳಿಗೆ ಹಂಚುವಾಗ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಓದಿದ್ದು ಖರೆ, ಒಬ್ಬಾಕಿನೇ ಬಂದಿದ್ದೂ ಖರೆ. ಸುಳ್ಳೆಲ್ಲಿ ಅದ ಆಯಿ?”

ಸಂಜೆ ಅವಳೇ ನನ್ನನ್ನು ರೈಲಿಗೆ ಬಿಡಲು ಬಂದಳು. ಪುಸ್ತಕವನ್ನು ಎದೆಗೆ ಒತ್ತಿಕೊಂಡು ಆ ‘ದಂಡು’ ಬೋರ್ಡಿನ ಕೆಳಗೇ ನಿಂತೆ. ಅಷ್ಟರಲ್ಲಿ ನಮ್ಮ ಮುಂದೆ ಒಂದು ರೈಲು ಬಂದು ನಿಂತಿತು. ಬಾಗಿಲಲ್ಲಿ ಗಂಟು ಹಿಡಿದ ಹೆಂಗಸೊಬ್ಬಳು ಬೋರ್ಡಿನ ಮೇಲೆ ಕಣ್ಣಾಡಿಸುತ್ತ, ತುಟಿ ಅಲ್ಲಾಡಿಸುತ್ತ, ಇಳಿಯಲೋ ಬೇಡವೋ ಎಂದು ಒಂದು ಕಾಲು ಮುಂದಿಟ್ಟು ನಿಂತಿದ್ದಳು.

“ಇದೇ ನೋಡವ್ವಾ ಕಂಟೋನ್ಮೆಂಟ್,” ಎಂದೆ. “ಇಳಿ.”