ಎಲ್ಲರ ಮುಂದೆ ಕೇಳಿದ ಪ್ರಶ್ನೆ

"ಕುಡೀತೀರೇನ್ರಿ?" ಎಂದು ನಾನು ಎಷ್ಟು ಸಾವಿರ ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೆಟ್ಟಗೆ ಉತ್ತರ ಬಂದದ್ದು ಕಡಿಮೆ. ಸಂಡೂರಿನ ಅದಿರು ಲಾರಿ ಓಡಿಸುವವರು "ಮೈಕೈ ನೋವಿಗಿ ಒಂಚೂರು" ಅನ್ನುತ್ತಾರೆ. ಬಂಡ್ರಿಯಿಂದ ಬರುತ್ತಿದ್ದ ಒಬ್ಬ "ಹಬ್ಬಕ್ಕಷ್ಟರಿ" ಅನ್ನುತ್ತಿದ್ದ. ಯಾವ ಹಬ್ಬ ಅಂತ ಕೆದಕಿದರೆ ಅಮಾವಾಸ್ಯೆ, ಸಂತೆ, ಸಂಬಳದ ದಿನ, ಕ್ರಿಕೆಟ್ ಮ್ಯಾಚು ಎಲ್ಲವೂ ಆ ಪುಣ್ಯಾತ್ಮನಿಗೆ ಹಬ್ಬವೇ. ಮೊದಮೊದಲು ನಗು ಬರುತ್ತಿತ್ತು. ಈಗ ನಗುವಷ್ಟು ಕಸುವು ಉಳಿದಿಲ್ಲ, ಸುಮ್ಮನೆ ಬರೆದುಕೊಳ್ಳುತ್ತೇನೆ.

ನಾನು ದೊಡ್ಡ ತಜ್ಞೆಯೇನಲ್ಲ. ಎಂಬಿಬಿಎಸ್ ಮುಗಿಸಿ ಹೊಸಪೇಟೆಯಲ್ಲಿ ಎಂಟು ಹಾಸಿಗೆಯ ಒಂದು ನರ್ಸಿಂಗ್ ಹೋಮ್ ಇಟ್ಟುಕೊಂಡು ಜ್ವರ, ಭೇದಿ, ಬಿಪಿ, ಸಕ್ಕರೆ ನೋಡಿಕೊಂಡಿದ್ದವಳು. ಮನಸ್ಸಿನ ಕಾಯಿಲೆಗಳ ತರಬೇತಿ ಆಮೇಲೆ ತೆಗೆದುಕೊಂಡದ್ದು. ಈಗ ಬರುವವರಲ್ಲಿ ಹೆಚ್ಚಿನವರು ಕುಡಿತದವರು, ನಿದ್ದೆಗೆಟ್ಟವರು, ಅಂಜಿಕೆಯವರು. ಮಂಗಳವಾರ ಸಂಡೂರು, ಗುರುವಾರ ಕಂಪ್ಲಿ, ಮಿಕ್ಕ ದಿನ ಹೊಸಪೇಟೆ. ಕಮಲಾಪುರದ ಒಬ್ಬ ಬಾಳೆ ಬೆಳೆಗಾರರಿಗೆ ಎದೆ ಡವಗುಟ್ಟುತ್ತದೆ ಅಂತ ಮೂರು ಕಡೆ ಇಸಿಜಿ ಆಗಿತ್ತು. "ನಿಮ್ಮ ಹಾರ್ಟಿಗೆ ಏನೂ ಆಗಿಲ್ರಿ, ಇದು ಅಂಜಿಕೆ ರೋಗ, ಗುಳಿಗಿಗೆ ವಾಸಿ ಆಗತೈತಿ" ಅಂದರೆ ಅವರಿಗೆ ಸಂತೋಷ ಆಗಲಿಲ್ಲ, ಅವಮಾನ ಆಯಿತು. ನಾಲ್ಕನೇ ಇಸಿಜಿಗೆ ಬಳ್ಳಾರಿಗೆ ಹೋದರು. ಇಂಥವರ ಜೊತೆ ದಿನವಿಡೀ ಗುದ್ದಾಡಿ ಮನೆಗೆ ಹೋದಾಗ ನನಗೆ ನನ್ನ ಮಕ್ಕಳ ಜೊತೆ ಮಾತಾಡುವುದೂ ಬೇಡವಾಗಿರುತ್ತದೆ.

ಆ ತರಬೇತಿಗೆ ನಾನು ಯಾಕೆ ಹೋದೆ ಅನ್ನುವುದನ್ನು ಹೇಳಬೇಕು. ನರ್ಸಿಂಗ್ ಹೋಮ್ ಇನ್ನೂ ಇದ್ದ ಕಾಲಕ್ಕೆ ಕಂಪ್ಲಿಯಿಂದ ಒಬ್ಬ ಅಕ್ಕಿ ಗಿರಣಿ ಯಜಮಾನರನ್ನು ಕರೆತಂದರು. ನಲವತ್ತೈದರ ಆಸುಪಾಸು. ನಾಲ್ಕು ದಿನದಿಂದ ವಾಂತಿ, ಊಟ ಸೇರದು, ನಿಂತರೆ ತಲೆ ಸುತ್ತು. ಜೊತೆಗೆ ಅವರ ಅಣ್ಣ, ಅಣ್ಣನ ಹೆಂಡತಿ, ಇಬ್ಬರು ಬೀಗರು, ಹಿಂದೆ ಬಾಗಿಲ ಹತ್ತಿರ ಅವರ ಹೆಂಡತಿ. ಅಣ್ಣನ ಹಣೆ ತುಂಬ ವಿಭೂತಿ, ಮಡಿಕೆ ಮುರಿಯದ ಬಿಳಿ ಅಂಗಿ. ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ. ಹೊರಗೆ ಸಾಲು ಬೆಳೆದಿತ್ತು. ನಾನು ಹೊಟ್ಟೆ ಒತ್ತುತ್ತ, ಕತ್ತೆತ್ತದೆ, ಎಲ್ಲರಿಗೂ ಕೇಳುವ ಹಾಗೆ ಆ ಪ್ರಶ್ನೆ ಹಾಕಿದೆ: "ಕುಡೀತೀರೇನ್ರಿ?"

ರೋಗಿ ಬಾಯಿ ತೆರೆಯುವ ಮೊದಲೇ ಅಣ್ಣ ಉತ್ತರ ಕೊಟ್ಟರು. "ಅಂಥಾದ್ದು ನಮ್ಮ ಮನ್ಯಾಗ ಇಲ್ರಿ ಮೇಡಂ. ಲಿಂಗ ಕಟ್ಟಿಕೊಂಡ ಮಂದಿ ನಾವು."

ರೋಗಿ ಗೋಡೆ ನೋಡಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು. ಇಷ್ಟನ್ನೂ ನಾನು ಕಂಡೆ, ಕಂಡು "ಇಲ್ಲ" ಅಂತ ಬರೆದುಕೊಂಡೆ. ನಮ್ಮ ಕಡೆ ಸಲೈನ್ ಬಾಟ್ಲಿ ಹಚ್ಚದಿದ್ದರೆ ಅದು ಆಸ್ಪತ್ರೆಯೇ ಅಲ್ಲ. "ನಿತ್ರಾಣ ಭಾಳ ಐತಿ, ಎರಡು ಗ್ಲೂಕೋಸ್ ಹಚ್ರಿ" ಅಂತ ಅಣ್ಣನೇ ಹೇಳಿದರು. ನಾಲ್ಕು ದಿನ ಉಣ್ಣದ ಮನುಷ್ಯ, ತಪ್ಪೇನು ಅನ್ನಿಸಿತು. ಹಚ್ಚಿಸಿದೆ. ಮರುದಿನ ಇನ್ನೆರಡು.

ಮೂರನೇ ದಿನ ಅವರ ಕೈ ನಡುಗತೊಡಗಿತು, ಬೆವರು ಹರಿಯಿತು. ಕಣ್ಣಿಗೆ ಯಾರಿಗೂ ಕಾಣದ್ದು ಕಾಣತೊಡಗಿತು. ಹಾಸಿಗೆಯ ಮೇಲೆ ಎದ್ದು ಕೂತು, ಗಾಳಿಯಿಂದ ಭತ್ತ ತೆಗೆದು ಅಂಗೈಯಲ್ಲಿ ಉಜ್ಜಿ, ಊದಿ, ಅಕ್ಕಿ ನೋಡುತ್ತಿದ್ದರು. "ಆ ಚೀಲ ಈ ಕಡೆ ಹಾಕ್ರಲೇ, ಹಸಿ ಐತಿ ಅದು" ಅಂತ ಹಮಾಲರನ್ನು ಗದರುತ್ತಿದ್ದರು. ಅಣ್ಣ ಗಾಳಿ ಸೋಕಿದೆ ಅಂದರು, ಮಠದಿಂದ ತಾಯತ ತಂದು ಕಟ್ಟಿದರು. ದಿನಾ ಕುಡಿಯುವವರಿಗೆ ಕುಡಿತ ತಟ್ಟನೆ ನಿಂತಾಗ ಹೀಗಾಗುತ್ತದೆ ಅಂತ ನನಗೆ ಮಾತ್ರ ಹೊಳೆಯಿತು. ಸಹಿ ಬೇಕು ಅಂತ ನೆಪ ಹೇಳಿ ಹೆಂಡತಿಯನ್ನು ಒಬ್ಬಳನ್ನೇ ಒಳಗೆ ಕರೆದೆ.

ಕೇಳಬೇಕಾಗಿಯೇ ಇರಲಿಲ್ಲ. "ದಿನಾ ರೀ," ಅಂದಳು. "ಮುಂಜಾನಿ ಎದ್ದಕೂಡ್ಲೇ ಬೇಕು. ಗಿರಣ್ಯಾಗ ತೌಡಿನ ಚೀಲದ ಹಿಂದ ಇಟ್ಟಿರ್ತಾರ. ಭಾಳ ವರ್ಷ ಆತ್ರಿ."

"ಮೊನ್ನೆ ಯಾಕ ಹೇಳ್ಲಿಲ್ಲವ್ವಾ?"

"ಭಾವಾರು ನಿಂತಿದ್ರಲ್ರಿ."

ದಿನವೂ ಕುಡಿದು ಊಟ ಬಿಟ್ಟವರ ಮೈಯಲ್ಲಿ ಬಿ-ಒನ್ ಎಂಬ ವಿಟಮಿನ್ ಬತ್ತಿರುತ್ತದೆ. ಮೊದಲು ಅದರ ಇಂಜೆಕ್ಷನ್ ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೆ ಏಟು ಬೀಳಬಹುದು. ಇದು ಎಂಬಿಬಿಎಸ್ ಓದುವ ಹುಡುಗರಿಗೂ ಗೊತ್ತಿರುವ ವಿಷಯ. ಇಂಜೆಕ್ಷನ್ ಹಾಕಿ, ಆಂಬುಲೆನ್ಸ್ ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಜೀವ ಉಳಿಯಿತು. ನಡುಕ ಹೋಯಿತು, ಕಾಣದ್ದು ಕಾಣುವುದೂ ನಿಂತಿತು. ಆದರೆ ಹೊಸದೊಂದೂ ಅವರ ನೆನಪಿನಲ್ಲಿ ನಿಲ್ಲದ ಹಾಗಾಯಿತು. ಹಳೆಯದೆಲ್ಲ ಇದೆ, ಅಪ್ಪ ಗಿರಣಿ ಹಾಕಿಸಿದ್ದು, ಮದುವೆ, ಯಾವ ಭತ್ತಕ್ಕೆ ಎಷ್ಟು ಅಕ್ಕಿ, ಎಲ್ಲ. ಹತ್ತು ನಿಮಿಷದ ಹಿಂದೆ ಉಂಡದ್ದು ಇಲ್ಲ.

"ಕುಡಿತದಿಂದ ನರ ವೀಕ್ ಆಗ್ಯಾವು" ಅಂತ ಮನೆಯವರಿಗೆ ಹೇಳಿದೆ. ಅದು ಸುಳ್ಳಲ್ಲ, ಅರ್ಧ ನಿಜ. ಗ್ಲೂಕೋಸಿನ ಮಾತು ನಾನು ಯಾರ ಹತ್ತಿರವೂ ಎತ್ತಲಿಲ್ಲ. ಹೆದರಿಕೆಯಾಗಿತ್ತು, ಅಷ್ಟೇ. ವರ್ಷದೊಳಗೆ ನರ್ಸಿಂಗ್ ಹೋಮ್ ಮುಚ್ಚಿದೆ, ತರಬೇತಿಗೆ ಹೋದೆ, ಕಂಪ್ಲಿಯಲ್ಲಿ ಮೆಡಿಕಲ್ ಅಂಗಡಿಯ ಪಕ್ಕ ಒಂದು ಕೋಣೆ ಹಿಡಿದೆ. ಸೇವೆ ಅಂತ ಕೆಲವರು ಹೊಗಳಿದರು. ಹೊಗಳಿದವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಆ ಕೋಣೆಗೆ ಅವರು ತಿಂಗಳಿಗೊಮ್ಮೆ ಗುರುವಾರ ಬರುತ್ತಿದ್ದರು. ಅಣ್ಣ ಕಾರಿನಲ್ಲಿ ಕರೆತಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದರು, ಗಂಡ ಹೆಂಡತಿ ಒಳಗೆ. "ಹೊಸದಾಗಿ ಬಂದೀರೇನ್ರಿ ಮೇಡಂ? ಯಾವ ಊರು ನಿಮ್ಮದು?" ಅಂತ ಆ ಮನುಷ್ಯ ಪ್ರತಿ ಸಲ ಅಷ್ಟೇ ವಿನಯದಿಂದ ವಿಚಾರಿಸುತ್ತಿದ್ದರು. ನಾನೂ ಪ್ರತಿ ಸಲ ಊರು ಹೇಳುತ್ತಿದ್ದೆ. ಕುಡಿತದ ಆಸೆ ಅವರಿಗೆ ನೆನಪಿನ ಜೊತೆಗೇ ಹೋಗಿತ್ತು. ವಿಟಮಿನ್, ಸಕ್ಕರೆ, ಬಿಪಿ ನೋಡಿ ಕಳಿಸುವುದು, ಮುಗಿಯಿತು. ಏಳುವಾಗ ಹೆಂಡತಿ ಮೆಲ್ಲಗೆ "ನನಗೊಂದು ಗ್ಯಾಸಿನ ಗುಳಿಗಿ ಬರದ ಬಿಡ್ರಿ" ಅನ್ನುತ್ತಿದ್ದಳು. ಗಂಡನ ಚೀಟಿಯ ಕೆಳಗೇ ಬರೆದುಬಿಡುತ್ತಿದ್ದೆ. ಆಕೆಗೆ ಅಂತ ಬೇರೆ ಚೀಟಿ ಯಾಕೆ, ದುಡ್ಡು ಯಾಕೆ ಅಂತ ನನ್ನ ದೊಡ್ಡತನ.

ಹೀಗೆ ಎರಡು ವರ್ಷ ಆದಮೇಲೆ ಒಂದು ಗುರುವಾರ ಅವರ ಹಳೆಯ ಚೀಟಿಗಳನ್ನು ಹೊಸ ಫೈಲಿಗೆ ಹಾಕುತ್ತಿದ್ದೆ. ಒಂದರ ಹಿಂದೆ ಒಂದು ತಿರುಗಿಸಿದರೆ ಪ್ರತಿಯೊಂದರ ಅಡಿಯಲ್ಲಿ ನನ್ನದೇ ಅಕ್ಷರ. ಹೆಂಡತಿಗೆ ಗ್ಯಾಸು. ಹೆಂಡತಿಗೆ ಎದೆ ಉರಿ. ಹೆಂಡತಿಗೆ ತಲೆನೋವು. ಹೆಂಡತಿಗೆ ನಿದ್ದೆ ಇಲ್ಲ. ಹೆಂಡತಿಗೆ ತೂಕ ಇಳಿದಿದೆ, ಟಾನಿಕ್. ಓದುತ್ತ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಹೊಟ್ಟೆಯ ಹೆಸರು ಹೇಳಿಕೊಂಡು ಬರುವ ಮಂಕು ಕಾಯಿಲೆಯನ್ನು, ಅಂದರೆ ಖಿನ್ನತೆಯನ್ನು, ಗುರುತಿಸುವುದು ಹೇಗೆ ಅಂತ ಊರೂರಿನಲ್ಲಿ ಆಶಾ ಕಾರ್ಯಕರ್ತೆಯರಿಗೆ ಪಾಠ ಮಾಡುವವಳು ನಾನು. ನನ್ನ ಮೇಜಿನ ಎದುರು ಎರಡು ವರ್ಷ ಅದು ಬಂದು ಕೂತು ಎದ್ದು ಹೋಗಿತ್ತು.

ಅವತ್ತು ಅವರು ಬಂದಾಗ ಗಂಡನನ್ನೂ ಅಣ್ಣನ ಪಕ್ಕ ಕೂರಿಸಿ ಬಂದೆ, ಬಾಗಿಲು ಹಾಕಿದೆ, ಹೊಸ ಚೀಟಿ ತೆಗೆದು ಆಕೆಯ ಹೆಸರು ಕೇಳಿ ಬರೆದೆ. ಅಷ್ಟಕ್ಕೇ ಆಕೆಯ ಕಣ್ಣು ತುಂಬಿತು. ಒಂದೊಂದಾಗಿ ಕೇಳಿದೆ. ನಿದ್ದೆ ಕೋಳಿ ಕೂಗುವ ಮೊದಲೇ ಹೋಗುತ್ತದೆ. ಬಾಯಿಗೆ ಯಾವುದೂ ರುಚಿಯಿಲ್ಲ. ತಂಗಿಯ ಮಗಳ ಮದುವೆಗೆ ಹೋದರೂ ಮೂಲೆಯಲ್ಲಿ ಕೂತು ಬಂದಳಂತೆ. ಸಾಯಬೇಕು ಅನ್ನಿಸುತ್ತದೆಯೇ ಅಂತಲೂ ಕೇಳಿದೆ. ಅದನ್ನು ಕೇಳಲು ಈಗ ನಾನು ಹಿಂಜರಿಯುವುದಿಲ್ಲ.

"ಎರಡು ಸಲ ಕಾಲುವೆ ತನಾ ಹೋಗೇನ್ರಿ," ಅಂದಳು. "ಇವರನ್ನ ಯಾರು ನೋಡ್ತಾರ ಅಂತ ಹೊಳ್ಳಿ ಬಂದೆ."

ಇದು ಕಾಯಿಲೆ, ನಿನ್ನ ಕೈಲಾಗದತನ ಅಲ್ಲ, ಔಷಧಿ ಇದೆ, ಹಿಡಿಯಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ವಾರಕ್ಕೊಮ್ಮೆ ಬರಬೇಕು, ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು ಅಂತ ಹೇಳಿದೆ. ಆಕೆ ತಲೆಯಾಡಿಸಿದಳು. ಆಮೇಲೆ ಚೀಟಿಯ ಮೇಲೆ ಕೈ ಇಟ್ಟು ಕೇಳಿದಳು.

"ಗುಳಿಗಿ ತಗೊಂತೀನ್ರಿ. ಒಂದು ಮಾತು ಹೇಳ್ರಿ. ಅವತ್ತ ನಾನು ಬಾಯಿ ಬಿಟ್ಟಿದ್ರ ಇವರು ಚಲೋ ಇರ್ತಿದ್ರೇನು? ಗೊತ್ತಿದ್ದೂ ಮುಚ್ಚಿಟ್ಲು, ಗಂಡನ್ನ ಹಿಂಗ ಮಾಡಿದ್ಲು ಅಂತ ಮನ್ಯಾಗ ದಿನಾ ಅಂತಾರ. ಭಾವಾರು ನನ್ನ ಕೈಲೆ ನೀರು ಇಸಗೊಳ್ಳಂಗಿಲ್ಲ."

ಏನಾದರೂ ಹೇಳಿ ತೇಲಿಸಬಹುದಿತ್ತು. "ವಿಧಿ ಬಿಡವ್ವಾ" ಅಂದರೂ ನಡೆಯುತ್ತಿತ್ತು, ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಆದರೆ ನನಗೆ ಸಾಕಾಗಿತ್ತು. ಬಚ್ಚಿಟ್ಟುಕೊಂಡು ಓಡಾಡಿ ನಿಜಕ್ಕೂ ಸಾಕಾಗಿತ್ತು. "ಚಲೋ ಇರ್ತಿದ್ರೋ ಏನೋ," ಅಂದೆ. "ಆದ್ರ ತಪ್ಪು ನಿಂದಲ್ಲ, ನಂದು. ಎಲ್ಲಾರನ್ನೂ ಹೊರಗ ಕಳಿಸಿ ಕೇಳಬೇಕಿತ್ತು, ಕೇಳ್ಲಿಲ್ಲ. ಮೊದ್ಲ ಕೊಡಬೇಕಾದ ಇಂಜೆಕ್ಷನ್ ಕೊಡದ ಗ್ಲೂಕೋಸ್ ಹಚ್ಚಿದಾಕಿ ನಾನು."

ಬೈಯುತ್ತಾಳೆ ಅಂದುಕೊಂಡೆ. ಆಕೆ ಚೀಟಿಯ ಮೇಲಿನ ಕೈ ತೆಗೆದು, "ಇದನ್ನ ಭಾವಾರ ಮುಂದ ಹೇಳ್ರಿ" ಅಂದಳು.

ಹೊರಗೆ ಬಂದೆ. ಒಳಗೆ ಬರ್ರಿ ಅಂದರೆ ಅಣ್ಣ "ಇಲ್ಲೇ ಹೇಳ್ರಿ ಮೇಡಂ" ಅಂದರು. ಬೆಂಚಿನ ಎದುರು ನಿಂತು, ಆಕೆಗೆ ಹೇಳಿದ್ದನ್ನೇ ಒಂದಕ್ಷರ ಬಿಡದೆ ಹೇಳಿದೆ. ಕೇಸು, ಕೂಗಾಟ, ಕೋಣೆಗೆ ಕಲ್ಲು, ಎಲ್ಲಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ಕೂಗಲಿಲ್ಲ. ತಮ್ಮನನ್ನು ನೋಡಿದರು, ತಮ್ಮನೋ ಎದುರಿನ ಅಂಗಡಿಯ ಅಕ್ಕಿ ಚೀಲಗಳನ್ನು ನೋಡುತ್ತಿದ್ದರು.

"ನನಗೂ ಗೊತ್ತಿತ್ರಿ," ಅಂದರು ಅಣ್ಣ. ದನಿ ಬಹಳ ಸಣ್ಣದಾಗಿತ್ತು. "ಗಿರಣ್ಯಾಗ ವಾಸನಿ ಬರ್ತಿತ್ತು. ಬೀಗರ ಮುಂದ ಹೆಂಗ ಹೂಂ ಅನ್ಲಿ?"

ಬಾಗಿಲಲ್ಲಿ ನಿಂತಿದ್ದ ಆಕೆ ಕೇಳಿಸಿಕೊಂಡಳು. "ಇಷ್ಟು ವರ್ಷ ತಪ್ಪು ನಂದಂದ್ರಿ ಭಾವಾರ," ಅಂದಳು. ಆ ಮನೆಗೆ ಬಂದಮೇಲೆ ಆಕೆ ಅವರಿಗೆ ಮುಖ ಕೊಟ್ಟು ಮಾತಾಡಿದ್ದು ಅದೇ ಮೊದಲಿರಬೇಕು. ಗಂಡನ ಪಕ್ಕ ಬೆಂಚಿನ ಮೇಲೆ ಕುಸಿದು ಕೂತು, ಜನ ನೋಡುತ್ತಾರೆ ಅನ್ನುವುದನ್ನೂ ಬಿಟ್ಟು ಅತ್ತಳು. ಅಣ್ಣ ಎದ್ದು ಕಾರಿನ ಹತ್ತಿರ ಹೋಗಿ ನಿಂತರು.

ಗಂಡ ಗಾಬರಿಯಾದರು. "ಯಾಕ ಅಳಾಕ ಹತ್ತೀ? ಯಾರು ಏನಂದ್ರು ನಿನಗ?" ಅಂದರು. "ಏನಿಲ್ರಿ" ಅಂದಳು. ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು, ಅವರು ಅತ್ತ ನೋಡಿದರು, ಮತ್ತೆ ಇತ್ತ ತಿರುಗಿ ಮೊದಲ ಸಲ ಕಂಡವರಂತೆ ಅದೇ ಗಾಬರಿಯಲ್ಲಿ ಕೇಳಿದರು: "ಯಾಕ ಅಳಾಕ ಹತ್ತೀ?"

ಈ ಸಲ ಆಕೆ ಹೇಳಿದಳು. ತೌಡಿನ ಚೀಲದಿಂದ ಹಿಡಿದು, ಅವತ್ತು ಆಸ್ಪತ್ರೆಯಲ್ಲಿ ಯಾರು ಯಾರು ನಿಂತಿದ್ದರು, ನಾನು ಏನು ಕೇಳಿದೆ, ಭಾವ ಏನಂದರು, ತಾನು ಯಾಕೆ ಬಾಯಿ ಬಿಡಲಿಲ್ಲ ಅನ್ನುವವರೆಗೆ ಎಲ್ಲ ಹೇಳಿದಳು. ಅವರು ಆಕೆಯ ಮುಖದಿಂದ ಕಣ್ಣು ತೆಗೆಯದೆ ಕೇಳಿದರು.

"ಅಣ್ಣನ ಮುಂದ ನೀ ಹೆಂಗ ಹೇಳ್ತಿದ್ದಿ ಬಿಡು," ಅಂದರು. "ನಿಂದೇನು ತಪ್ಪೈತಿ ಅದ್ರಾಗ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಹೋಗಿ ಚೀಟಿ ಬರೆದು ತಂದೆ, ಗುಳಿಗೆ ತೆಗೆದುಕೊಳ್ಳುವುದು ಹೇಗೆ ಅಂತ ತೋರಿಸಿದೆ. ಆಕೆ ಅದನ್ನು ಮಡಿಚಿ ಕೈಯಲ್ಲಿ ಹಿಡಿದು, ಗಂಡನ ಕಡೆ ತಿರುಗಿದಳು.

"ಆಗಳೆ ಅಂದ್ರಲ್ರಿ, ಅದನ್ನ ಇನ್ನೊಮ್ಮೆ ಅನ್ರಿ."

"ನಾ ಏನಂದೆ?" ಅಂದರು ಅವರು.